ಸಹಾಯ ಬೇಕು: ಮೂರು ತಿಂಗಳ ರೈಟರ್ ಕೆಲಸ ಒಪ್ಪಿಕೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಬಿಎಸ್ಸಿ ಮುಗಿಸಿ ಏಳು ತಿಂಗಳಾಯಿತು. ಓದಿದ್ದಕ್ಕೆ ತಕ್ಕ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದೇನೆ. ಈಗ ಸಿದ್ದಾಪುರದ ಹತ್ತಿರ ಒಂದು ತೋಟದವರು ರೋಬಸ್ಟಾ ಕಾಫಿ ಕೊಯ್ಲು ಮುಗಿಯುವ ತನಕ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ರೈಟರ್ ಆಗಿ, ಅಂದರೆ ತೋಟದ ಲೆಕ್ಕ ಬರೆಯುವ ಕೆಲಸಕ್ಕೆ ಬಾ ಅಂತಿದ್ದಾರೆ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ಆಮೇಲೆ ಕಣದ ಲೆಕ್ಕ. ಸಂಬಳ ಪರವಾಗಿಲ್ಲ. ಅಪ್ಪನ ಮುಂದೆ ಕೈಚಾಚುವುದಾದರೂ ತಪ್ಪುತ್ತದೆ.

ತೊಂದರೆ ಏನೆಂದರೆ, ಕೊಯ್ಲಿನ ನಡುವೆ ರಜೆ ಕಷ್ಟ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಅಂದರೆ ರಾತ್ರಿ ಬಸ್ಸು, ಎರಡು ದಿನ ಹೋದಂತೆಯೇ. ಇಂಟರ್‌ವ್ಯೂ ಬಂದರೆ ಹೋಗಲು ಬಿಡಬೇಕು ಅಂತ ಮೊದಲೇ ಮಾತಾಡಿಕೊಳ್ಳಬಹುದಾ? ಇದನ್ನು ಬಯೋಡೇಟಾದಲ್ಲಿ ಬರೆಯಲಾ, ಬೇಡವಾ? ‘ಸುಮ್ನೆ ಕೂರುವುದಕ್ಕಿಂತ ವಾಸಿ ಅಲ್ವಾ’ ಅಂತಾರೆ ಅಮ್ಮ. ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಭಾನುವಾರದೊಳಗೆ ಉತ್ತರ ಕೊಡಬೇಕು.