‘ಡ್ರ್ಯಾಗನ್ ಏಜ್ 2’ ಆಡಬಹುದಾ? ಎಲ್ಲರೂ ಬೈತಾರಲ್ಲ!

ರಾಜಾಜಿನಗರದಿಂದ: ‘ಡ್ರ್ಯಾಗನ್ ಏಜ್’ ವಿಡಿಯೋ ಗೇಮ್ ಸರಣಿಯ ಮೊದಲನೇದು, ‘ಒರಿಜಿನ್ಸ್’, ಮುಗಿಸಿದೆ, ತುಂಬಾ ಹಿಡಿಸ್ತು. ಎರಡನೇದು ಸೇಲ್‌ನಲ್ಲಿ ಕಮ್ಮಿ ರೇಟಿಗೆ ಸಿಕ್ತಿದೆ. ಆಫೀಸಲ್ಲಿ ಕೇಳಿದ್ರೆ ‘ದುಡ್ಡು ದಂಡ, ಸೀದಾ ಮೂರನೇದಕ್ಕೆ ಹೋಗು’ ಅಂತಾರೆ. ಇಷ್ಟಪಟ್ಟು ಆಡಿರೋರು ಇದ್ದೀರಾ? ಮೊದಲೇ ಏನು ಗೊತ್ತಿರಬೇಕು?

ಬಸವನಗುಡಿಯಿಂದ: ನಾನಿದ್ದೀನಿ. ಬೈಯೋರು ಸುಳ್ಳೇನೂ ಹೇಳ್ತಿಲ್ಲ. ಒರಿಜಿನ್ಸ್ ಬಂದಿದ್ದು 2009ರ ನವೆಂಬರ್‌ನಲ್ಲಿ, ಇದು 2011ರ ಮಾರ್ಚ್‌ನಲ್ಲಿ. ಅವಸರ ಎದ್ದು ಕಾಣುತ್ತೆ. ಕಳ್ಳರ ಗುಹೆನೂ ಅದೇ, ಜೇಡಗಳ ಗುಹೆನೂ ಅದೇ. ಒಂದು ಬಾಗಿಲು ಮುಚ್ಚಿಬಿಟ್ಟು ‘ಇದು ಬೇರೆ ಜಾಗ’ ಅಂತಾರೆ; ಪರದೆ ಮೇಲಿನ ಪುಟ್ಟ ನಕ್ಷೆಯಲ್ಲಿ (ಮಿನಿಮ್ಯಾಪ್) ಮಾತ್ರ ಆ ಮುಚ್ಚಿದ ದಾರಿ ಹಾಗೇ ಕಾಣ್ತಿರುತ್ತೆ!

ಆದ್ರೂ ನನಗೆ ಸರಣಿಯಲ್ಲಿ ಇದೇ ಅಚ್ಚುಮೆಚ್ಚು. ಲೋಕ ಉಳಿಸೋ ಕಥೆಯಲ್ಲ ಇದು, ಕರ್ಕ್‌ವಾಲ್ ಅನ್ನೋ ಒಂದೇ ಊರಲ್ಲಿ ವರ್ಷಗಟ್ಟಲೆ ಬದುಕೋ ಕಥೆ. ನಾವು ಆಡೋ ಪಾತ್ರ ಹಾಕ್, ನಿರಾಶ್ರಿತನಾಗಿ ಬಂದು ಸೋದರಮಾವನ ಇಕ್ಕಟ್ಟಿನ ಮನೆ ಸೇರ್ತಾನೆ. ಆ ಮಾವನೋ, ಮನೆತನದ ಬಂಗಲೆಯನ್ನ ಸಾಲಕ್ಕೆ ಕಳ್ಕೊಂಡು ಕೂತಿರೋ ಆಸಾಮಿ. ಇನ್ನು ನಮ್ಮ ಜೊತೆಗಾರ್ತಿ ಅವೆಲಿನ್. ಕಾವಲು ಪಡೆಯ ಕ್ಯಾಪ್ಟನ್, ಎದುರಿಗೆ ಯಾರು ಬಂದ್ರೂ ಹೆದರಲ್ಲ. ಆದ್ರೆ ಕೈಕೆಳಗಿನ ಡಾನಿಕ್ ಮೇಲೆ ಮನಸ್ಸಾಗಿರೋದನ್ನ ಬಾಯಿಬಿಟ್ಟು ಹೇಳಕ್ಕೆ ಆಗಲ್ಲ. ತಾಮ್ರದಲ್ಲಿ ಚೆಂಡುಹೂ ಕೆತ್ತಿಸಿ ನಮ್ಮ ಕೈಲಿ ಕೊಟ್ಟು ಕಳಿಸ್ತಾಳೆ. ಅವನಿಗೆ ತಲೆಬುಡ ಅರ್ಥ ಆಗಲ್ಲ. ಕೊನೆಗೆ ಇಬ್ಬರನ್ನೂ ಗಸ್ತಿಗೆ ಕಳಿಸಿ, ದಾರಿಯಲ್ಲಿರೋ ಪುಂಡರನ್ನ ನಾವೇ ಮುಂದೆ ಹೋಗಿ ಮುಗಿಸ್ತಾ ಹೋಗ್ಬೇಕು, ಇವರು ನೆಮ್ಮದಿಯಾಗಿ ಮಾತಾಡ್ಲಿ ಅಂತ. ಅಲ್ಲೂ ಬೇಡದ್ದೆಲ್ಲ ಮಾತಾಡ್ತಾಳೆ, ಮಾರಾಯ್ತಿ.

ಯಲಹಂಕದಿಂದ: ನನಗೆ ಆಗಲಿಲ್ಲಪ್ಪ. ಎದುರಿಗಿರೋರನ್ನ ಹೊಡೆದು ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಗುಂಪು ಮೇಲಿಂದ ಧೊಪ್ ಅಂತ ಬೀಳುತ್ತೆ. ಪ್ಲ್ಯಾನ್ ಮಾಡಿ ಮೂಲೇಲಿ ನಿಲ್ಲಿಸಿದ್ದ ಮಾಂತ್ರಿಕನ ತಲೆ ಮೇಲೇ ಬಿದ್ರೆ ಏನ್ ಮಾಡೋದು? ಫೈಟಿಂಗಿಗೋಸ್ಕರ ಆಡೋರಾದ್ರೆ ಬಿಟ್ಟುಬಿಡಿ.

ಮಲ್ಲೇಶ್ವರದಿಂದ: ಅದಕ್ಕೇ ನಾನು ಡಿಫಿಕಲ್ಟಿ ಇಳಿಸಿ ಆಡಿದ್ದು. ಕಥೆಗೇನೂ ಮುಕ್ಕಾಗಲ್ಲ. ಜೊತೆಗಾರರು ಮುನಿಸ್ಕೊಂಡ್ರೆ ಗಾಬರಿ ಆಗಬೇಡಿ. ಇಲ್ಲಿ ಸ್ನೇಹದ ಥರ ರೈವಲ್ರಿಗೂ, ಅಂದ್ರೆ ನಮ್ಮ ಜೊತೆಗಿನ ಜಿದ್ದಿಗೂ, ಲೆಕ್ಕ ಇದೆ. ಯಾವ ತುದಿ ಮುಟ್ಟಿದ್ರೂ ಅವರಿಗೊಂದು ವಿಶೇಷ ಶಕ್ತಿ ಸಿಗುತ್ತೆ, ನಡುವೆ ಉಳಿದ್ರೇ ನಷ್ಟ. ಫೆನ್ರಿಸ್‌ಗೆ ಮಾಂತ್ರಿಕರನ್ನ ಕಂಡ್ರೆ ಆಗಲ್ಲ, ಆಂಡರ್ಸ್ ಮಾಂತ್ರಿಕ. ಇಬ್ಬರನ್ನೂ ಒಟ್ಟಿಗೇ ಕರ್ಕೊಂಡು ಹೋಗಿ. ದಾರಿಯುದ್ದಕ್ಕೂ ಕಿತ್ತಾಡ್ತಾರೆ, ಕೇಳಕ್ಕೆ ಮಜಾ.

ಇನ್ನೊಂದು, ಶನಿವಾರ ಪೂರ್ತಿ ಇದಕ್ಕೇ ಮೀಸಲಿಡಬೇಡಿ. ಒಂದೇ ಸಮನೆ ಆಡಿದ್ರೆ ಆ ಗುಹೆ ಕಣ್ಣಿಗೆ ಹೊಡೆಯುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬೆಂದು ಮನೆಗೆ ಬಂದ್ಮೇಲೆ ಧಾರಾವಾಹಿ ಥರ ಒಂದು ಕ್ವೆಸ್ಟ್ (ಗೇಮ್ ಕೊಡೋ ಒಂದು ಕೆಲಸ) ಆಡಿ, ಎದ್ದುಬಿಡಿ. ‘ಲೆಗಸಿ’ ಅನ್ನೋ ಡಿಎಲ್‌ಸಿ (ಗೇಮ್‌ಗೆ ಸೇರಿಸ್ಕೊಳ್ಳೋ ಹೆಚ್ಚುವರಿ ಭಾಗ) ಜೊತೆಗೆ ಸಿಕ್ಕರೆ ತಗೊಳ್ಳಿ. ಅಲ್ಲಾದ್ರೂ ಜಾಗ ಹೊಸದು.

ರಾಜಾಜಿನಗರದಿಂದ: ಸರಿ, ತಗೊಂಡೆ! ಮಾಂತ್ರಿಕ ಆಗ್ಲಾ, ಕತ್ತಿ ಹಿಡೀಲಾ?

ಬಸವನಗುಡಿಯಿಂದ: ಮಾಂತ್ರಿಕ ಆದ್ರೆ ಹಾಕ್‌ನ ತಮ್ಮ ಕಾರ್ವರ್ ಬದುಕುಳೀತಾನೆ, ಇಲ್ಲಾಂದ್ರೆ ತಂಗಿ ಬೆಥನಿ. ಶುರುವಲ್ಲೇ ಗೊತ್ತಾಗೋ ವಿಷಯ, ಸ್ಪಾಯ್ಲರ್ ಅನ್ನಬೇಡಿ. ಬೆಥನಿ ಪಾಪದ ಹುಡುಗಿ. ಕಾರ್ವರ್ ಯಾವಾಗ್ಲೂ ಮುಖ ಊದಿಸ್ಕೊಂಡೇ ಇರ್ತಾನೆ. ನನ್ನ ವೋಟು ಅವನಿಗೇ.