ಓದುಗರ ಸ್ಪಂದನ: ಜೊತೆಯ ಸೈಕಲಿನವರ ತಪ್ಪನ್ನು ಹೇಳಬೇಕೇ?

ಸುಂಟಿಕೊಪ್ಪದ ಓದುಗರ ಪ್ರಶ್ನೆ: ಭಾನುವಾರ ಬೆಳಿಗ್ಗೆ ಎಂಟು ಹತ್ತು ಮಂದಿ ಸೇರಿ ಮಡಿಕೇರಿಗೆ ಸೈಕಲ್ ತುಳಿದು ವಾಪಸು ಬರುತ್ತೇವೆ. ಇಳಿಯುವಾಗ ಕೆಲವರು ಬೆಲ್ ಮಾಡುವುದಿಲ್ಲ, ಮಂಜಿನಲ್ಲೂ ಲೈಟ್ ಹಾಕುವುದಿಲ್ಲ, ಕುರುಡು ತಿರುವಿನಲ್ಲೇ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಾರೆ. ನಡೆದು ಹೋಗುವವರ ಮೈಗೆ ತಾಗುವಷ್ಟು ಹತ್ತಿರದಿಂದ ನುಗ್ಗುತ್ತಾರೆ. ಒಮ್ಮೆ ಹಿಂದಿನಿಂದ ಕೂಗಿ ಹೇಳಿದ್ದಕ್ಕೆ “ನೀವೇನು ಪೊಲೀಸಾ?” ಎಂದರು. ಬೈಗುಳ ಮಾತ್ರ ಎಲ್ಲರಿಗೂ ಬರುತ್ತದೆ. ಹೇಳಬೇಕೇ, ಸುಮ್ಮನಿರಬೇಕೇ?

ಮಡಿಕೇರಿಯಿಂದ

ಹೇಳಲೇಬೇಕು. ಆದರೆ ಇಳಿಜಾರಿನಲ್ಲಿ ಕೂಗಿ ಹೇಳಬೇಡಿ. ಗಾಳಿಯ ಸದ್ದಿನಲ್ಲಿ ಮಾತು ತಿಳಿಯುವುದಿಲ್ಲ, ಸಿಟ್ಟು ಮಾತ್ರ ತಿಳಿಯುತ್ತದೆ. ಆತ ತಿರುಗಿ ನೋಡಿದರೆ ಹ್ಯಾಂಡಲ್ ಕೂಡ ಅತ್ತಲೇ ವಾಲುತ್ತದೆ. ಜನರಲ್ ತಿಮ್ಮಯ್ಯ ವೃತ್ತದ ಆಸುಪಾಸಿನಲ್ಲಿ ಕಾಫಿ ಕುಡಿದು, ಇಳಿಯಲು ಹೊರಡುವ ಮೊದಲು ಹೇಳಿ. ಹೇಳುವಾಗ ಒಂದೇ ವಿಷಯ ಎತ್ತಿಕೊಳ್ಳಿ: “ಅಣ್ಣಾ, ಬೋಯಿಕೇರಿ ತಿರುವಿನಲ್ಲಿ ಜನ ನಡ್ಕೊಂಡು ಬರ್ತಾರೆ, ಅಲ್ಲಿ ಬೆಲ್ ಮಾಡಿ ನಿಧಾನ ಇಳಿಯೋಣ.” ಹಳೆಯ ತಪ್ಪುಗಳ ಪಟ್ಟಿ ತೆಗೆದರೆ ಮಾತು ಜಗಳಕ್ಕೆ ತಿರುಗುತ್ತದೆ.

ವಾದ ಬಂದರೆ ಲೆಕ್ಕ ಮುಂದಿಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಎದುರಿಗಿರುವುದನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲೇ ಒಂದು ಸೆಕೆಂಡ್ ಹೋಗಿರುತ್ತದೆ. ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ದರೂ ಪೂರ್ತಿ ನಿಲ್ಲಲು ಸುಮಾರು 23 ಮೀಟರ್ ಬೇಕು. ರಿಮ್ ಒದ್ದೆಯಾಗಿದ್ದರೆ 35 ದಾಟುತ್ತದೆ. ವೇಗವನ್ನು 20ಕ್ಕೆ ಇಳಿಸಿದರೆ ಒಣ ರಸ್ತೆಯಲ್ಲಿ 9 ಮೀಟರ್, ಒದ್ದೆಯಲ್ಲಿ 12 ಸಾಕು. ಇದೂ ಸಮತಟ್ಟು ರಸ್ತೆಯ ಲೆಕ್ಕ. ಇಳಿಜಾರಿಗೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಅಡ್ಡವಾಗಿ ಮುಂದಿನ ರಸ್ತೆ 15 ಮೀಟರ್ ಮಾತ್ರ ಕಾಣುವ ತಿರುವಿನಲ್ಲಿ 40ರ ವೇಗವೆಂದರೆ, ಆಚೆ ಯಾರೂ ಇಲ್ಲವೆಂದು ನಂಬಿ ಹೋದಂತೆ. ಅಲ್ಲಿ ದನ ಇರಬಹುದು, ತೋಟದ ಜೀಪು ಹಿಮ್ಮುಖ ಬರುತ್ತಿರಬಹುದು.

ಗುಂಪಿಗೆ ಮೇಲೆಯೇ ಕ್ರಮ ಕಟ್ಟಿಕೊಳ್ಳಿ. ಮುಂದೆ ಹದವಾಗಿ ಇಳಿಯುವವರು, ಕೊನೆಯಲ್ಲಿ ಅನುಭವಿಗಳು. ನಡುವೆ ಮೂರು ಸೆಕೆಂಡ್ ಅಂತರ, ಅಂದರೆ 30ರ ವೇಗದಲ್ಲಿ 25 ಮೀಟರ್. ಇಳಿಜಾರು ಮುಗಿಯುವತನಕ ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ. ಇದಕ್ಕೆ ಒಪ್ಪದವರಿಗೆ “ನೀವು ಬೇರೆ ಇಳಿಯಿರಿ” ಎನ್ನಲು ಗುಂಪು ಹಿಂಜರಿಯಬಾರದು.

ವಿರಾಜಪೇಟೆಯಿಂದ, ಸೈಕಲ್ ರಿಪೇರಿ ಮಾಡುವವರು

ಬೈಯುವ ಮೊದಲು ಅವರ ಬ್ರೇಕ್ ನೋಡಿ. ದುಡುಕು ಎಂದು ನಾವು ಅಂದುಕೊಳ್ಳುವುದರಲ್ಲಿ ಒಂದಷ್ಟು, ಹಿಡಿದರೂ ನಿಲ್ಲದ ಸೈಕಲ್.

ಲಿವರ್ ಪೂರ್ತಿ ಒತ್ತಿದಾಗ ಅದಕ್ಕೂ ಹ್ಯಾಂಡಲಿಗೂ ನಡುವೆ ಎರಡು ಬೆರಳಿನ ಜಾಗ ಉಳಿಯಬೇಕು. ಉಳಿಯದಿದ್ದರೆ ಕೇಬಲ್ ಸಡಿಲಾಗಿದೆ ಅಥವಾ ಬ್ರೇಕ್ ರಬ್ಬರ್ ಸವೆದಿದೆ. ರಬ್ಬರಿನ ಮೇಲಿನ ಗೆರೆಗಳು ಅಳಿಸಿದ್ದರೆ ಬದಲಿಸಿ, ಕೇಬಲ್ ಬಿಗಿದು ಪ್ರಯೋಜನವಿಲ್ಲ. ಗೆರೆ ಇನ್ನೂ ಇದ್ದರೆ ಲಿವರಿನ ಬುಡದಲ್ಲಿ ಕೇಬಲ್ ಹೊರಡುವ ಕಡೆ ಇರುವ ಸಣ್ಣ ತಿರುಪನ್ನು ಹೊರಕ್ಕೆ ಒಂದೆರಡು ಸುತ್ತು ತಿರುಗಿಸಿ. ರಿಮ್ಮಿನ ಎರಡೂ ಬದಿ 2 ಮಿ.ಮೀ. ಅಂತರ ನಿಲ್ಲುವಂತೆ ನೋಡಿಕೊಳ್ಳಿ. ರಬ್ಬರ್ ಟೈರಿಗೆ ತಾಗಬಾರದು, ತಾಗಿದರೆ ಟೈರ್ ಸೀಳುತ್ತದೆ. ಇದಕ್ಕೆ ಹೆಚ್ಚಿನ ಸೈಕಲುಗಳಲ್ಲಿ 5 ಮಿ.ಮೀ. ಅಲೆನ್ ಕೀ ಒಂದು ಸಾಕು. ಡಿಸ್ಕ್ ಬ್ರೇಕಿನವರು ಚೈನಿಗೆ ಎಣ್ಣೆ ಸಿಂಪಡಿಸುವಾಗ ಡಿಸ್ಕಿಗೆ ಬಟ್ಟೆ ಮುಚ್ಚಬೇಕು. ಒಂದು ಹನಿ ತಾಗಿದರೂ ಹಿಡಿತ ಹೋಗುತ್ತದೆ.

ಹಳೆಯ ಸೈಕಲುಗಳ ಹೊಳೆಯುವ ಸ್ಟೀಲ್ ರಿಮ್ ಮಳೆಯಲ್ಲಿ ಬಹಳ ಅಪಾಯ. ನೀರು ಒರೆಸಿ ಹೋಗುವವರೆಗೆ ರಬ್ಬರ್ ಜಾರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ತಿರುವಿಗೆ ಬಹಳ ಮುಂಚೆಯೇ ಬ್ರೇಕನ್ನು ಹಗುರಾಗಿ ತಾಗಿಸಿ ರಿಮ್ ಒರೆಸಿಕೊಳ್ಳಬೇಕು. ಇದನ್ನು ತಿಳಿಯದವರಿಗೆ ಹೇಳಿಕೊಟ್ಟರೆ ಯಾರೂ ಮುನಿಸಿಕೊಳ್ಳುವುದಿಲ್ಲ. “ಕೊಡಿ, ನಿಮ್ಮ ಬ್ರೇಕ್ ಸ್ವಲ್ಪ ಬಿಗಿ ಮಾಡ್ತೇನೆ” ಎಂದು ಶುರುವಾದ ಮಾತು ವೇಗದ ವಿಷಯಕ್ಕೂ ಸಲೀಸಾಗಿ ಬರುತ್ತದೆ.

ಕುಶಾಲನಗರದಿಂದ

ಮಡಿಕೇರಿಯವರ ಸಲಹೆ ಗುಂಪಿನೊಳಗೆ ಸರಿ. ದಾರಿಯಲ್ಲಿ ಸಿಗುವ ಅಪರಿಚಿತರನ್ನು ಬೆನ್ನಟ್ಟಿ ತಿದ್ದಲು ಹೋಗಬೇಡಿ. ಬೆನ್ನಟ್ಟಲು ನೀವೂ ಅದೇ ವೇಗ ಹಿಡಿಯಬೇಕಾಗುತ್ತದೆ. ಅಡ್ಡ ನಿಲ್ಲಿಸುವುದು, ಮೊಬೈಲ್ ಮುಖಕ್ಕೆ ಹಿಡಿಯುವುದು ಬೇಡವೇ ಬೇಡ. ಆನೆಕಾಡಿನ ಭಾಗದಲ್ಲಂತೂ ಕೂಗಾಟ ಸಲ್ಲದು.

“ಸೈಕಲಿಗೆ ಲೈಸೆನ್ಸ್ ಇಲ್ಲ, ಕಾನೂನೂ ಇಲ್ಲ” ಎನ್ನುವವರಿಗೆ ಮಾತ್ರ ಇಷ್ಟು ತಿಳಿಸಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಮೋಟಾರು ವಾಹನ ಎನ್ನುವುದಿಲ್ಲ, ಯಾವುದೇ ವಾಹನ ಎನ್ನುತ್ತದೆ. ಸಾರ್ವಜನಿಕ ದಾರಿಯಲ್ಲಿ ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದ ಓಡಿಸಿದರೆ 6 ತಿಂಗಳವರೆಗೆ ಸಜೆ, ಅಥವಾ 1,000 ರೂ. ವರೆಗೆ ದಂಡ, ಇಲ್ಲವೇ ಎರಡೂ. ಆ ಕೆಲಸ ಪೊಲೀಸರದು. ಯಾರಿಗಾದರೂ ಪೆಟ್ಟಾದರೆ ವಾದ ಬಿಟ್ಟು 112ಕ್ಕೆ ಕರೆ ಮಾಡಿ.

ಪೊನ್ನಂಪೇಟೆಯಿಂದ

ಶಾಲೆಯ ಮಕ್ಕಳಾದರೆ ಗೆಳೆಯರ ಎದುರು ಗದರಬೇಡಿ, ಮರುದಿನ ಇನ್ನೂ ಜೋರಾಗಿ ಓಡಿಸುತ್ತಾರೆ. ಅವರ ಪಿ.ಟಿ. ಮಾಸ್ತರಿಗೆ ಹೇಳಿ. ಮೂವರು ಒಂದೇ ಸೈಕಲಿನಲ್ಲಿ ಕೂತಾಗ ಬ್ರೇಕ್ ಹಿಡಿದರೂ ಸೈಕಲ್ ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಶಾಲೆಯ ಮೈದಾನದಲ್ಲೇ ಗೆರೆ ಎಳೆದು ತೋರಿಸಬಹುದು.

ಭಾಗಮಂಡಲದಿಂದ

ಲೈಟ್ ಇಲ್ಲದಿರುವುದಷ್ಟೇ ತಪ್ಪಲ್ಲ, ಎದುರಿನವರ ಕಣ್ಣಿಗೆ ಹೊಡೆಯುವ ಲೈಟೂ ತಪ್ಪೇ. ಸೈಕಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಲೈಟ್ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ, ಬೆಳಕಿನ ನಡುಭಾಗ ಗೋಡೆಯ ಮೇಲೆ ಅದಕ್ಕಿಂತ ಅರ್ಧ ಮೀಟರ್ ಕೆಳಗೆ ಬೀಳಬೇಕು. ಆಗ ರಸ್ತೆಯಲ್ಲಿ 10 ಮೀಟರ್ ಮುಂದೆ ಬೆಳಕು ಚೆಲ್ಲುತ್ತದೆ. ಮಂಜಿನಲ್ಲಿ ಹಿಂದಿನ ಕೆಂಪು ದೀಪ ಮಿನುಗದೆ ಸ್ಥಿರವಾಗಿ ಉರಿಯಲಿ. ಮಿನುಗಿದರೆ ಸೈಕಲ್ ಎಷ್ಟು ದೂರದಲ್ಲಿದೆಯೆಂದು ಹಿಂದಿನ ಗಾಡಿಯವರಿಗೆ ಅಂದಾಜು ಸಿಗುವುದಿಲ್ಲ.

ಸಿದ್ದಾಪುರದಿಂದ, ನಡೆದೇ ಓಡಾಡುವವರು

ಬೆಲ್ ಮಾಡಿ ಎಂದು ಎಲ್ಲರೂ ಹೇಳುತ್ತೀರಿ, ಎಷ್ಟು ದೂರದಿಂದ ಎಂಬುದೇ ಮುಖ್ಯ. ತಲೆಯ ಮೇಲೆ ಸೌದೆ ಹೊರೆ ಹೊತ್ತ ಹೆಂಗಸಿಗೆ ಕತ್ತು ಮಾತ್ರ ತಿರುಗಿಸಲು ಆಗುವುದಿಲ್ಲ. ಬೆನ್ನ ಹಿಂದೆಯೇ ಬೆಲ್ ಕೇಳಿದರೆ ಇಡೀ ಮೈ ತಿರುಗಿಸುತ್ತಾಳೆ, ಸೌದೆಯ ತುದಿ ರಸ್ತೆಗೆ ಅಡ್ಡ ಬೀಸುತ್ತದೆ, ಸೈಕಲಿನವರ ಮುಖಕ್ಕೇ ಬಡಿಯುತ್ತದೆ. 15 ಮೀಟರ್ ಹಿಂದಿನಿಂದಲೇ ಎರಡು ಸಲ ಬೆಲ್ ಮಾಡಿ, ವೇಗ ಇಳಿಸಿ, ಆಕೆ ಬದಿಗೆ ಸರಿದ ಮೇಲೆ ಒಂದು ಮೀಟರ್ ಬಿಟ್ಟು ಬಲಗಡೆಯಿಂದ ದಾಟಿ. ಡಾಂಬರಿನ ಅಂಚು ಮುರಿದು ನೇರ ಚರಂಡಿಗೆ ಇಳಿದಿರುವಲ್ಲಿ ಆಕೆಗೆ ಸರಿಯಲು ಜಾಗವೇ ಇರುವುದಿಲ್ಲ. ಅಲ್ಲಿ ಸೈಕಲಿನವರು ಇಳಿದು, ತಳ್ಳಿಕೊಂಡು ಹಿಂದೆ ಬರಬೇಕು.