ಅಪಧಮನಿಯ ‘ಅಪ’ ಯಾವ ಅರ್ಥದ್ದು?

ಹತ್ತನೆಯ ತರಗತಿಗೆ ರಕ್ತಪರಿಚಲನೆಯ ಪಾಠ ಮಾಡುವಾಗ ಪ್ರತಿ ವರ್ಷವೂ ಒಂದು ತಪ್ಪು ಉತ್ತರ ತಪ್ಪದೆ ಬರುತ್ತದೆ. ಅಪಧಮನಿ ಎಂದರೇನು ಎಂದು ಕೇಳಿದರೆ ‘ಕೆಟ್ಟ ರಕ್ತ ಹರಿಯುವ ನಾಳ’ ಎಂದು ಮಕ್ಕಳು ಬರೆಯುತ್ತಾರೆ. ಅವರನ್ನು ದೂರುವಂತಿಲ್ಲ, ಅಪಮಾನ, ಅಪಕೀರ್ತಿ, ಅಪಶಕುನಗಳನ್ನು ಕೇಳಿ ಬೆಳೆದ ಕಿವಿಗೆ ‘ಅಪ’ ಎಂದೊಡನೆ ಕೆಟ್ಟದ್ದೆಂಬ ಅರ್ಥವೇ ಮೊದಲು ಹೊಳೆಯುತ್ತದೆ.

ಇಲ್ಲಿ ಆ ಉಪಸರ್ಗ ಗುಣವನ್ನಲ್ಲ, ದಿಕ್ಕನ್ನು ಹೇಳುತ್ತದೆ ಎಂಬುದು ನನ್ನ ಎಣಿಕೆ. ‘ಅಪಹರಣ’ದಲ್ಲಿರುವುದು ಆಚೆಗೆ ಒಯ್ಯುವ ‘ಅಪ’; ‘ಅಭಿಮುಖ’ದಲ್ಲಿರುವುದು ಕಡೆಗೆ ತಿರುಗಿದ ‘ಅಭಿ’. ಹೀಗೆ ಓದಿದರೆ ರಕ್ತವನ್ನು ಹೃದಯದಿಂದ ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ‘ಶುದ್ಧ ರಕ್ತನಾಳ’, ‘ಮಲಿನ ರಕ್ತನಾಳ’ ಎಂಬ ಹೆಸರುಗಳಿಗಿಂತ ಇದು ಎಷ್ಟೋ ಖಚಿತ, ಏಕೆಂದರೆ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವೂ, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಮರಳುವ ನಾಲ್ಕು ಅಭಿಧಮನಿಗಳಲ್ಲಿ ಆಮ್ಲಜನಕ ತುಂಬಿದ ರಕ್ತವೂ ಹರಿಯುತ್ತವೆ.

‘ಅಭಿ’ಯನ್ನು ಕಣ್ಣಾರೆ ಕಾಣಿಸಲು ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದ ಪ್ರಯೋಗವನ್ನೇ ಮಾಡುತ್ತೇನೆ. ಮೊಣಕೈಯ ಮೇಲೆ ಬಟ್ಟೆಯನ್ನು ಹದವಾಗಿ ಬಿಗಿದರೆ ಮುಂಗೈಯಲ್ಲಿ ನಾಳಗಳು ಉಬ್ಬಿ, ಅಲ್ಲಲ್ಲಿ ಕವಾಟಗಳಿರುವ ಕಡೆ ಗಂಟು ಗಂಟಾಗಿ ಕಾಣುತ್ತವೆ. ಒಂದು ಬೆರಳಿನಿಂದ ನಾಳವನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಗಂಟಿನಾಚೆಗೆ ಸವರಿದರೆ ನಡುವಿನ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನಿಂದ ಒಂದು ಹನಿಯೂ ಹಿಂದಕ್ಕೆ ಇಳಿಯುವುದಿಲ್ಲ. ಕೆಳಗಿನ ಬೆರಳನ್ನು ತೆಗೆದ ಕ್ಷಣವೇ ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ಆಗ ಮಕ್ಕಳು ಕೇಳುತ್ತಾರೆ: “ಸಾರ್, ಇದು ನರ ಅಲ್ವಾ?” ಮನೆಯಲ್ಲಿ ಅದು ನರವೇ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವರು ‘ನರ ಸಿಗ್ತಿಲ್ಲ’ ಎಂದಾಗಲೂ ಅವರು ಹುಡುಕುವುದು ಅಭಿಧಮನಿಯನ್ನೇ. ಆದರೆ ಪಠ್ಯದಲ್ಲಿ ‘ನರ’ ಎಂದರೆ ಮಿದುಳಿನ ಸಂದೇಶ ಒಯ್ಯುವ ತಂತು.

‘ಧಮನಿ’ಯ ಮೂಲವೂ ಸ್ವಾರಸ್ಯಕರವಾದುದು. ಅದು ಊದು ಎಂಬರ್ಥದ ‘ಧ್ಮಾ’ ಧಾತುವಿನಿಂದ ಬಂದದ್ದು, ಕಮ್ಮಾರನ ತಿದಿಯ ಊದುವಿಕೆಯೂ ‘ಧಮನ’ವೇ. ಪ್ರಾಚೀನ ಗ್ರೀಕರಲ್ಲಿಯೂ ಆರ್ಟರಿಗಳಲ್ಲಿ, ಅಂದರೆ ಅಪಧಮನಿಗಳಲ್ಲಿ, ಗಾಳಿ ಇರುತ್ತದೆಂಬ ನಂಬಿಕೆಯಿತ್ತು. ಅವುಗಳಲ್ಲಿರುವುದು ರಕ್ತವೆಂದು ಗ್ರೀಕ್ ವೈದ್ಯ ಗ್ಯಾಲೆನ್ ಕ್ರಿ.ಶ. 2ನೆಯ ಶತಮಾನದಲ್ಲಿ ತೋರಿಸಿದನು.

ಆಯುರ್ವೇದದ ಪ್ರಾಚೀನ ಗ್ರಂಥ ಸುಶ್ರುತ ಸಂಹಿತೆಯಲ್ಲಿ ದೇಹರಚನೆಯನ್ನು ಹೇಳುವ ಭಾಗವಾದ ಶಾರೀರಸ್ಥಾನ ಸಿರಾ, ಧಮನಿಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತದೆ. ಅಲ್ಲಿನ ಭೇದ ಇಂದಿನ ಆರ್ಟರಿ, ವೇನ್ (ಅಭಿಧಮನಿ)ಗಳ ಭೇದವೇ ಅಲ್ಲ, ನಿಜ. ಆದರೂ ಹಿಂದಿ ಮತ್ತು ತೆಲುಗು ಆ ಎರಡು ಪದಗಳನ್ನು ಹಂಚಿಕೊಂಡು, ಆರ್ಟರಿಗೆ ಧಮನಿಯನ್ನೂ ವೇನ್‌ಗೆ ಶಿರಾ, ಸಿರಗಳನ್ನೂ ಬಳಸುತ್ತಿವೆ. ನಮ್ಮ ಪಠ್ಯಪುಸ್ತಕಗಳು ಮಾತ್ರ ಒಂದೇ ಧಮನಿಯನ್ನು ಎರಡಕ್ಕೂ ಹೊರಿಸಿರುವುದರಿಂದ, ಬರಿಯ ಉಪಸರ್ಗದ ಮೇಲೆ ಇಡೀ ವ್ಯತ್ಯಾಸ ನಿಂತಿದೆ. ಹಿಂದಿನ ಬೆಂಚಿನವರೆಗೆ ಕೇಳುವ ಹೊತ್ತಿಗೆ ‘ಅಪ’, ‘ಅಭಿ’ಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಧಮನಿ, ಸಿರೆ ಎಂಬ ಜೋಡಿಯೇ ತರಗತಿಗೆ ಒಗ್ಗುತ್ತದೆಂದು ನನಗನ್ನಿಸುತ್ತದೆ. ಕನ್ನಡದ ಕೆಲವು ವೈದ್ಯ ಲೇಖಕರೂ ‘ಸಿರೆ’ಯನ್ನು ಬಳಸಿದ್ದಾರೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡು. ಅಪಧಮನಿ, ಅಭಿಧಮನಿಗಳನ್ನು ರೂಪಿಸಿದವರು ಉಪಸರ್ಗಗಳನ್ನು ದಿಕ್ಕಿನ ಅರ್ಥದಲ್ಲಿಯೇ ಇಟ್ಟರೆಂಬುದಕ್ಕೆ ಹಳೆಯ ಪಾರಿಭಾಷಿಕ ಕೋಶಗಳಲ್ಲಿ ಆಧಾರವಿದೆಯೇ? ನಿಮ್ಮ ಸೀಮೆಯ ಮಾತಿನಲ್ಲಿ ನೆತ್ತರಿನ ನಾಳಕ್ಕೆ ‘ನರ’ವಲ್ಲದೆ ಬೇರೆ ಹೆಸರಿದೆಯೇ?